ಮೊಸರನ್ನಕ್ಕೆ ಭಂಡಾರ

ನಾಲಿಗೆಯ ವಿಷಯದಲ್ಲಿ ನಾನು ವಿಶ್ವಮಾನವ ಎಂಬ ಭ್ರಮೆ ನನಗೆ ಬಹಳ ವರ್ಷ ಇತ್ತು. ಪುಣೆಯಿಂದ ಜೇಜುರಿಗೆ ಸುಮಾರು ಐವತ್ತು ಕಿಲೋಮೀಟರ್. ಅಷ್ಟು ದೂರವೂ ಕಾರಿನಲ್ಲಿದ್ದ ಹೆಂಡತಿ, ಅತ್ತೆ, ಭಾವಮೈದ ಮೂವರ ತಲೆಯನ್ನೂ ನಾನು ಇದೇ ವಿಷಯದಲ್ಲಿ ಕೊರೆದೆ. ಮನಸ್ಸಿಗೆ ಬೇಜಾರಾದಾಗ, ಮೈ ಬಿಸಿಯಾದಾಗ ಯಾವ ದೇಶದವರು ಏನು ತಿನ್ನುತ್ತಾರೆ ಎಂಬುದು ಆ ದಿನದ ಉಪನ್ಯಾಸ. ಚೀನಾದವರು ಅಕ್ಕಿ ಕರಗುವ ತನಕ ಬೇಯಿಸಿ ಗಂಜಿ ಕುಡಿಯುತ್ತಾರೆ. ಜಪಾನಿನವರು ಅಂಥದೇ ಗಂಜಿಯ ಮೇಲೆ ಉಪ್ಪಿನಲ್ಲಿ ಹಾಕಿದ ಹುಳಿಹುಳಿ ಉಮೆಬೋಶಿ ಹಣ್ಣು ಇಡುತ್ತಾರೆ. ಇಟಲಿಯಲ್ಲಿ ಹೊಟ್ಟೆ ಕೆಟ್ಟವರಿಗೆ ಬೆಣ್ಣೆಯನ್ನೋ ಎಣ್ಣೆಯನ್ನೋ ಸವರಿದ ಬಿಳೀ ಪಾಸ್ತಾ. ಇಂಗ್ಲಿಷರಿಗೆ ಸುಟ್ಟ ಬ್ರೆಡ್ಡಿನ ಮೇಲೆ ಡಬ್ಬಿಯ ಬೀನ್ಸ್ ಕಾಳು. ಅಮೆರಿಕದವರಿಗೆ, 1937ರಿಂದ ಕ್ರಾಫ್ಟ್ ಕಂಪನಿ ಡಬ್ಬದಲ್ಲಿ ತುಂಬಿ ಮಾರುತ್ತಿರುವ ಮ್ಯಾಕರೋನಿ ಮತ್ತು ಚೀಸ್.

ಅತ್ತೆ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, "ಹಂಗಾರ ಎಲ್ಲಾ ದೇಶದಾಗೂ ಹಲ್ಲಿಲ್ಲದೋರ ಊಟಾನ ಅಂತೀರಿ?" ಎಂದರು.

ಅತ್ತೆಯದು ವಿಜಯಪುರದ ಕಡೆ. ಆ ಮನೆಯಲ್ಲಿ ಜ್ವರ ಬಂದವರಿಗೂ ಕಟಕ ರೊಟ್ಟಿ, ಝುಣಕ, ಕೆಂಪು ಖಾರವೇ ಪಥ್ಯ. ಬಾಯಿ ಕೆಟ್ಟಾಗ ಖಾರ ತಿನ್ನದೆ ಇನ್ಯಾವಾಗ ತಿನ್ನುವುದು ಎಂಬುದು ಅವರ ವೈದ್ಯಶಾಸ್ತ್ರ. ನಾನು ತುಮಕೂರಿನವನು. ನನಗೆ ಜ್ವರವೆಂದರೆ ಮೆಣಸಿನ ಸಾರು, ಬೇಜಾರೆಂದರೆ ಮೊಸರನ್ನ, ಸಂತೋಷವಾದರೆ ದಾಳಿಂಬೆ ಹಾಕಿದ ಮೊಸರನ್ನ. ಇಷ್ಟು ಸಣ್ಣ ಭೂಪಟ ಇಟ್ಟುಕೊಂಡೇ ನಾನು ಇಟಲಿಯವರೆಗೆ ಮಾತಾಡುತ್ತಿದ್ದೆ.

ಆ ಸಲ ಭಾವಮೈದನ ಪುಣೆಯ ಮನೆಗೆ ಕಾಲಿಟ್ಟಾಗಿನಿಂದ ಅನ್ನದ ಮುಖ ಸರಿಯಾಗಿ ಕಂಡಿರಲಿಲ್ಲ. ಬೆಳಿಗ್ಗೆ ಮಿಸಳ್, ಸಂಜೆ ಬಟಾಟೆವಡೆ, ರಾತ್ರಿ ಭಾಕ್ರಿ. ಎಲ್ಲವನ್ನೂ "ಆಹಾ" ಎಂದೇ ತಿಂದೆ. ಜೇಜುರಿಗೆ ಹೊರಡುವ ದಿನ ಮಾತ್ರ ಮನೆಮಂದಿ ಏಳುವ ಮೊದಲೇ ಎದ್ದು, ಕಳ್ಳನ ಹಾಗೆ ಅಡುಗೆಮನೆ ಹೊಕ್ಕು, ಒಂದು ಸ್ಟೀಲ್ ಡಬ್ಬಿಗೆ ಮೊಸರನ್ನ ಕಲಸಿ, ಚೀಲದ ತಳದಲ್ಲಿ ಟವೆಲ್ ಸುತ್ತಿ ಇಟ್ಟೆ.

ಹೆಂಡತಿಯ ಮನೆದೇವರು ಮೈಲಾರ. ಹಡಗಲಿಯ ಮೈಲಾರವೂ ಬೆಳಗಾವಿ ಜಿಲ್ಲೆಯ ಮಂಗಸೂಳಿಯೂ ಆಗಿದ್ದವು. ಅದೇ ದೇವರು ಖಂಡೋಬನಾಗಿ ಕೂತ ಜೇಜುರಿ ಬಾಕಿ ಇತ್ತು. ಬೆಟ್ಟದ ಬುಡದಲ್ಲಿ ಇಳಿದ ಕೂಡಲೇ ಭಾವಮೈದ ಅಲ್ಲಿಯ ರೂಢಿ ತೆಗೆದ. ಹೊಸ ಮದುಮಗ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲು ಹತ್ತಬೇಕಂತೆ.

"ನೀವು ಮದಿವ್ಯಾದಾಗ ಬಂದೇ ಇಲ್ಲ ಮಾಮಾ. ಬಾಕಿ ಚುಕ್ತಾ ಮಾಡ್ರಿ, ಐದ ಮೆಟ್ಟಲಾ!"

ನಾನು ಬಗ್ಗಿದೆ. ಬಗ್ಗಿದ್ದೊಂದೇ ಬಂತು. "ಬ್ಯಾಡ ಬಿಡ್ರಿ, ಮೊಸರನ್ನ ತಿಂದ ಮೊಣಕಾಲವು" ಎಂದು ಹೆಂಡತಿ ತಾನೇ ಮುಂದೆ ನಡೆದಳು. ಎಳೆ ದಂಪತಿಗಳು ಪಕ್ಕದಲ್ಲಿ ನಗುನಗುತ್ತಾ ಹತ್ತಿಹೋದರು. ನಾನು ಚೀಲವನ್ನು ಮಾತ್ರ ಎದೆಗವಚಿಕೊಂಡು, ಸಾಲು ದೀಪಮಾಲೆಗಳ ನಡುವೆ ಏದುಸಿರು ಬಿಡುತ್ತಾ ಮೇಲೆ ತಲುಪಿದೆ.

ಜೇಜುರಿಯಲ್ಲಿ ಭಂಡಾರ ಎಂದರೆ ಅರಿಶಿನ. ಅದನ್ನು ಇಲ್ಲಿ ಹಣೆಗಿಟ್ಟು ಸುಮ್ಮನಾಗುವುದಿಲ್ಲ, ಮುಷ್ಟಿ ತುಂಬ ಆಕಾಶಕ್ಕೆ ಎಸೆಯುತ್ತಾರೆ. ಜೊತೆಗೆ ಒಣಕೊಬ್ಬರಿ ಚೂರು. ಕಲ್ಲು, ಕಂಬ, ನಾಯಿ, ಪೊಲೀಸಪ್ಪನ ಟೋಪಿ ಎಲ್ಲವೂ ಹಳದಿ. ದರ್ಶನ ಮುಗಿಯುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಹೆಂಡತಿಯ ಕಣ್ಣು ತಪ್ಪಿಸಿ ಪ್ರಾಕಾರದ ಒಂದು ಮೂಲೆ ಸೇರಿ ಡಬ್ಬಿ ತೆರೆದೆ. ಸುತ್ತಲಿನ ಹಳದಿಯ ನಡುವೆ ಬೆಳ್ಳಗೆ, ತಣ್ಣಗೆ, ನಮ್ಮೂರು!

ಮೊದಲ ತುತ್ತು ಕೈಗೆ ಬಂದಿತ್ತಷ್ಟೆ. "ಯೇಳಕೋಟ ಯೇಳಕೋಟ ಜಯ ಮಲ್ಹಾರ!" ಎಂಬ ಕೂಗೆದ್ದು, ಒಂದಿಡೀ ಕುಟುಂಬ ಭಂಡಾರ ತೂರಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಬೇಕಾಗಿದ್ದದ್ದು ಡಬ್ಬಿಯನ್ನು. ಕಣ್ಣು ಬಿಟ್ಟರೆ ಮೊಸರನ್ನ ಗಟ್ಟಿ ಹಳದಿಯಾಗಿ, ಮೇಲೆ ಎರಡು ಕೊಬ್ಬರಿ ಚೂರು ಹೊತ್ತು ಕೂತಿತ್ತು.

ಅಷ್ಟರಲ್ಲಿ ಅತ್ತೆ ಬಂದರು. ಬೈಯಬಹುದೆಂದುಕೊಂಡರೆ ಕೈ ಮುಗಿದರು. "ತಾನಾಗೇ ನೇವೇದ್ಯ ತಗೊಂಡಾನ ನೋಡ್ರಿ ಮೈಲಾರ. ಪ್ರಸಾದ ಚೆಲ್ಲಬಾರದು, ಪೂರ್ತಿ ಉಣ್ರಿ."

ಉಂಡೆ. ಹಸಿ ಅರಿಶಿನ ಮೊಸರಿನಲ್ಲಿ ಕಲೆತರೆ ಎಂಥ ರುಚಿ ಎಂದು ಕೇಳಬೇಡಿ. ಗಾಯಕ್ಕೆ ಹಚ್ಚಬೇಕಾದದ್ದನ್ನು ತುತ್ತು ಮಾಡಿ ನುಂಗಿದ ಹಾಗಿತ್ತು. ಪಕ್ಕದಲ್ಲಿ ಹೆಂಡತಿ, ಈ ದೇವರಿಗೆ ಚಂಪಾಷಷ್ಠಿಯ ದಿನ ಸುಟ್ಟ ಬದನೆಕಾಯಿಯ ಭರೀತ, ರೋಡಗಾ ಎಂಬ ದಪ್ಪ ರೊಟ್ಟಿ ನೈವೇದ್ಯವೆಂದೂ, ಚಾತುರ್ಮಾಸದಲ್ಲಿ ಬದನೆ-ಈರುಳ್ಳಿ ಬಿಟ್ಟ ಎಷ್ಟೋ ಮನೆಗಳು ಅವತ್ತೇ ಮತ್ತೆ ಅವನ್ನು ಮುಟ್ಟುವುದೆಂದೂ ವಿವರಿಸುತ್ತಿದ್ದಳು. ಈ ಸಲ ಉಪನ್ಯಾಸ ಅವಳದು, ನನ್ನ ಬಾಯಿ ತುಂಬಿತ್ತು. ದೇವರಿಗೂ ತನ್ನ ಇಷ್ಟದ ಊಟವಿದೆ, ಅದು ಮೊಸರನ್ನವಲ್ಲ ಎಂಬಷ್ಟು ಅರ್ಥವಾಯಿತು.

ಕೆಳಗಿಳಿದು ಖಾನಾವಳಿಯಲ್ಲಿ ಪಿಠಲ, ಬಾಜ್ರಿ ಭಾಕ್ರಿ, ಹಸಿಮೆಣಸಿನ ಠೇಚಾ ಬಂತು. ಠೇಚಾ ನಾಲಿಗೆಗೆ ತಾಗಿದ್ದೇ ನನ್ನ ಕಣ್ಣಲ್ಲಿ ನೀರು. ಎದುರು ಕೂತಿದ್ದ ಲಾತೂರಿನ ರೈತರೊಬ್ಬರು ಮರುಕದಿಂದ ನೀರಿನ ಲೋಟ ಸರಿಸಿ, ಭಾವಮೈದನೊಂದಿಗೆ ಮರಾಠಿಯಲ್ಲಿ ಮಾತಿಗಿಳಿದರು. ತಿರುಪತಿಗೆ ಹೋದಾಗ ಎಲ್ಲಿ ಕೂತರೂ ಅನ್ನ, ಮತ್ತೆ ಅನ್ನ. ಭಾಕ್ರಿ ಇಲ್ಲದೆ ಹೊಟ್ಟೆ ತುಂಬಿದರೂ ಊಟ ಆದ ಹಾಗಿರಲಿಲ್ಲವಂತೆ. ಕೊನೆಗೆ ಹೆಂಡತಿ ಗಂಟಿನಲ್ಲಿ ಬಚ್ಚಿಟ್ಟು ತಂದಿದ್ದ ಒಣ ಭಾಕ್ರಿಯನ್ನು ಛತ್ರದ ಮೂಲೆಯಲ್ಲಿ ಕೂತು ತಿಂದರಂತೆ. ಅವರ ಮೇಲೆ ಯಾರೂ ಏನೂ ಎರಚಲಿಲ್ಲ, ಪುಣ್ಯವಂತರು.

ಜೇಜುರಿಗೆ ಹೋಗುವವರಿಗೆ ನನ್ನದೊಂದು ಕಿವಿಮಾತು. ಬಿಳಿ ಅಂಗಿ, ಬಿಳಿ ಊಟ ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಬುತ್ತಿ ಒಯ್ಯಲೇಬೇಕು ಎನ್ನುವವರು ಚಿತ್ರಾನ್ನ ಒಯ್ಯಿರಿ. ಹೇಗಿದ್ದರೂ ಅದು ಮೊದಲೇ ಹಳದಿ.