ಸೋರುವಾಗ ನಿಮ್ಮದು

(ಬೆಂಗಳೂರು. ಬಾಡಿಗೆ ಕಟ್ಟುತ್ತಲೇ ಮನೆ ಕೊಳ್ಳುವ ಕರಾರು.)

ಬಾಡಿಗೆದಾರ: ಸಾರ್, ತಾರಸಿ ಸೋರ್ತಿದೆ. ಟಿವಿ ಮೇಲೆ ಕೊಡೆ ಬಿಚ್ಚಿಟ್ಟಿದೀನಿ.

ಮಾಲೀಕ: ಐದು ವರ್ಷಕ್ಕೆ ಮನೆ ನಿಮ್ದೇ ಅಲ್ವೇನ್ರೀ? ನೀವೇ ರಿಪೇರಿ ಮಾಡಿಸ್ಕೊಳ್ಳಿ.

ಬಾಡಿಗೆದಾರ: ಹಾಗಾದ್ರೆ ಕ್ಯಾಲೆಂಡರಿಗೆ ಒಂದು ಮೊಳೆ ಹೊಡ್ಕೊಳ್ಳಲಾ?

ಮಾಲೀಕ: ಮೊಳೆನಾ! ಗೋಡೆ ನಂದು ಕಣ್ರೀ!

ಬಾಡಿಗೆದಾರ: ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೇಲಿ ನಲ್ಲಿ ವಾಷರ್ರು, ಬಾಗಿಲ ಬೀಗ ಬಾಡಿಗೆದಾರನ ಪಾಲು. ಕಟ್ಟಡದ ರಿಪೇರಿ, ಸುಣ್ಣಬಣ್ಣ, ವೈರಿಂಗ್ ಮಾಲೀಕರದು.

ಮಾಲೀಕ: ಅದು ಬರೀ ಬಾಡಿಗೆದಾರರಿಗೆ. ನೀವು ಭಾವೀ ಮಾಲೀಕರು!

ಬಾಡಿಗೆದಾರ: ಸರಿ, ಇದುವರೆಗೆ ಕಟ್ಟಿದ್ದರಲ್ಲಿ ಮನೆ ಬೆಲೆಗೆ ಎಷ್ಟು ಜಮಾ ಆಗಿದೆ?

ಮಾಲೀಕ: ಬಾಡಿಗೆದಾರರಿಗೆ ಯಾವ ಜಮಾ ರೀ?

ಬಾಡಿಗೆದಾರ: ಮನೆ ಕಂದಾಯ?

ಮಾಲೀಕ: ಥೂ, ಮಾಲೀಕರಾಗಿ ಹೀಗೆ ಕೇಳ್ತೀರಲ್ಲ! ನಾಳೆನೇ ಕಟ್ಟಿ. ರಸೀದಿ ಮಾತ್ರ ನನ್ನ ಹೆಸರಲ್ಲಿರಲಿ.