ನಿಯಮಪಾಲಕ ಭಾವ

ಪರದೇಶದಲ್ಲಿ ನೆಲೆಸಿದ ಭಾವಂದಿರಲ್ಲಿ ಎರಡು ಜಾತಿ. ಒಂದು, ಆ ದೇಶವನ್ನು ಬೈಯುತ್ತಾ ಮಾವಿನಮಿಡಿ ಉಪ್ಪಿನಕಾಯಿಗೆ ಹಂಬಲಿಸುವವರು. ಇನ್ನೊಂದು, ಆ ದೇಶದವರೇ ಮರೆತ ಕಾಯಿದೆಯನ್ನು ಅವರಿಗೆ ನೆನಪಿಸುವವರು. ನನ್ನ ಪಾಲಿಗೆ ಬಂದವರು ಎರಡನೆಯವರು, ಜರ್ಮನಿಯ ಭಾವ.

ರಸ್ತೆಯಲ್ಲಿ ಒಂದು ಸೈಕಲ್ಲೂ ಕಾಣದಿದ್ದರೂ ಕೆಂಪು ದೀಪ ಇದ್ದರೆ ಅಲ್ಲಾಡುವುದಿಲ್ಲ. "ಮಕ್ಕಳು ನೋಡಿ ಕಲೀತಾರೆ ಮಾರಾಯ." ಅಲ್ಲಿ ಮಕ್ಕಳೂ ಇರುವುದಿಲ್ಲ. ಶಿವಮೊಗ್ಗದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ ಮಹಾನುಭಾವರು ಇವರೇ ಎಂದರೆ ಯಾರೂ ನಂಬುವುದಿಲ್ಲ.

ಇದೆಲ್ಲ ಸಣ್ಣ ಕಾಟ. ದೊಡ್ಡದು ಖಾಲಿ ಬಾಟಲಿಯದು. ಅಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ. ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ತಿನ್ನಿಸಿದರೆ ಚೀಟಿ, ಚೀಟಿ ಕೊಟ್ಟರೆ ದುಡ್ಡು. ನಾವು ಹೈಡೆಲ್‌ಬರ್ಗ್ ನೋಡಲು ಹೋದದ್ದು ಭಾನುವಾರ, ಸೂಪರ್‌ಮಾರ್ಕೆಟ್‌ಗಳೆಲ್ಲ ಬಂದ್. ಹಾಗಾಗಿ ಬಿಸಿಲಿಗೆ ಕುಡಿದ ಬಾಟಲಿಗಳೆಲ್ಲ ಚೀಲದಲ್ಲಿ ಲಟಲಟ ಎನ್ನುತ್ತಾ ನಮ್ಮೊಂದಿಗೇ ಕೋಟೆ ಹತ್ತಿದವು. ನೆಕ್ಕರ್ ನದಿಯ ಮೇಲ್ಗಡೆ ಕೆಂಪು ಕಲ್ಲಿನ ಕೋಟೆ. ಫ್ರೆಂಚರು 1689ರಲ್ಲೊಮ್ಮೆ, 1693ರಲ್ಲೊಮ್ಮೆ ಹಾಳುಗೆಡವಿದರು. ಸಾಲದೆಂದು 1764ರಲ್ಲಿ ಸಿಡಿಲೂ ಬಡಿಯಿತು. ಬಾಟಲಿಗಳನ್ನೂ ಜಜ್ಜಿ ಮುದುರಿಬಿಡೋಣ ಎಂದೆ.

"ಛೆ! ಜಜ್ಜಿದ್ದನ್ನ ಯಂತ್ರ ತಗೊಳಲ್ಲ."

ನೆಲಮಾಳಿಗೆಯಲ್ಲಿ 1751ರ ದೈತ್ಯ ಪೀಪಾಯಿ ಇದೆ. ಸುಮಾರು 2.2 ಲಕ್ಷ ಲೀಟರ್ ವೈನ್ ಹಿಡಿಸುವಂಥದ್ದು. ಅದರೆದುರಿಗೆ ಆಸ್ಥಾನ ವಿದೂಷಕ ಪೆರ್ಕಿಯೋನ ಮರದ ಗೊಂಬೆ. ಜೀವನವಿಡೀ ವೈನೇ ಕುಡಿದ ಆಸಾಮಿ ಯಾರದೋ ಮಾತು ಕೇಳಿ ನೀರು ಕುಡಿದು ಸತ್ತನಂತೆ. ಎಲ್ಲರೂ ನಗುತ್ತಿದ್ದರೆ ಭಾವ ಪೀಪಾಯಿಯನ್ನೇ ದಿಟ್ಟಿಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಭಕ್ತಿ ಇರಬೇಕು ಅಂದುಕೊಂಡೆ.

"ಲೀಟರ್ ಬಾಟಲಿ ಲೆಕ್ಕ ಹಿಡಿದರೂ 55 ಸಾವಿರ ಯೂರೋ ಠೇವಣಿ ಆಗುತ್ತಲ್ಲ ಮಾರಾಯ!"

ಸಂಜೆ ಹಳೇ ಸೇತುವೆಯ ಬುಡದಲ್ಲಿ ಮುದುಕರೊಬ್ಬರು ಕಸದ ಡಬ್ಬಿಗೆ ಕೈಹಾಕಿ ಬಾಟಲಿ ತಡಕುತ್ತಿದ್ದರು. ಭಾವ ಚೀಲ ಬಿಚ್ಚಿ ದಿನವಿಡೀ ಹೊತ್ತದ್ದನ್ನೆಲ್ಲ ಅವರಿಗೆ ಕೊಟ್ಟುಬಿಟ್ಟರು. ಊಟದ ಹೊತ್ತಿಗೆ ನಾನು ಕುಡಿದಿದ್ದ ಬಿಯರಿನ ಗಾಜಿನ ಬಾಟಲಿ ಮಾತ್ರ ಚೀಲದಲ್ಲೇ ಉಳಿಯಿತು. "ಇದಕ್ಕೆ 8 ಸೆಂಟ್ ಅಷ್ಟೇ, ಭಾರ ಬೇರೆ. ಪಾಪ, ಅವರು ಯಾಕೆ ಹೊರಬೇಕು?"

ರೈಲಿನಲ್ಲಿ ನನಗೆ ನಂದಿಬೆಟ್ಟದ ಪೊದೆಗಳಲ್ಲಿ ಸಿಕ್ಕಿಕೊಂಡ ಬಾಟಲಿಗಳು ನೆನಪಾದವು. ದುಡ್ಡಿನಾಸೆಗೋ ದಂಡದ ಹೆದರಿಕೆಗೋ ಶುರುವಾದ ಅಭ್ಯಾಸವೇ ಬರಬರುತ್ತಾ ಸ್ವಭಾವವಾಗುತ್ತದೇನೋ. ಲೆಕ್ಕ ಹಾಕಲು ಕಲಿತವನಿಗೇ ಲೆಕ್ಕ ಬಿಡುವುದೂ ಗೊತ್ತಿರುತ್ತದೇನೋ. ಹೀಗೆಲ್ಲ ಯೋಚಿಸಿ ಇಳಿಯುವ ಹೊತ್ತಿಗೆ ಭಾವನ ಮೇಲೆ ನಿಜವಾಗಿಯೂ ಗೌರವ ಹುಟ್ಟಿತ್ತು.

ಮನೆಯಲ್ಲಿ ಅಕ್ಕ ಚೀಲ ಕೊಡವಿದಳು. "ಈ ಬಿಯರ್ ಬಾಟಲಿ ಯಾರದ್ದು?"

ಕೆಂಪು ದೀಪಕ್ಕೆ ಅಷ್ಟು ಹೊತ್ತು ನಿಲ್ಲುವ ಮನುಷ್ಯ ಇದಕ್ಕೆ ಅರೆಕ್ಷಣವೂ ನಿಲ್ಲಲಿಲ್ಲ. ಬೆರಳು ನೆಟ್ಟಗೆ ನನ್ನತ್ತ ಚಾಚಿತು.