ಪ್ರೊಫೆಸರ್ ಮೂಲನಿವಾಸಿ

ಪ್ರತಿ ಕಾನೂನು ಕಾಲೇಜಿನಲ್ಲೂ ಇವರೊಬ್ಬರು ಇದ್ದೇ ಇರುತ್ತಾರೆ. ಖಾದಿ ಜುಬ್ಬ, ಹೆಗಲಿಗೆ ಜೋಳಿಗೆ, ಕೈಯಲ್ಲಿ ವರ್ಲಿ ಚಿತ್ರದ ಕಾಫಿ ಮಗ್ಗು. ಬುಡಕಟ್ಟು ಜನರ ಹಕ್ಕು ಮತ್ತು ಮಾನವ ಹಕ್ಕು ಇವರ ಪರಿಣತಿ. ಸ್ಟಾಫ್‌ರೂಮಿನಲ್ಲಿ ಯಾರಾದರೂ ಅಪ್ಪಿತಪ್ಪಿ ಇವರ ಕುರ್ಚಿಯಲ್ಲಿ ಕೂತರೆ, "ಮುಕ್ತ, ಪೂರ್ವಭಾವಿ ಸಮ್ಮತಿ ಪಡೆದಿದ್ದೀರಾ?" ಎಂದು ನಗುತ್ತಲೇ ಎಬ್ಬಿಸುತ್ತಾರೆ.

ಇವರ ಪಂಚಾಂಗವೇ ಬೇರೆ. ಬೆಂಗಳೂರು ಕಾಯುವ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಖಾಯಂ ವೇದಿಕೆ. ಇಲ್ಲಿ ಮಳೆ ಹಿಡಿಯುವ ಜುಲೈಯಲ್ಲಿ ಜಿನೀವಾದಲ್ಲಿ ತಜ್ಞರ ಸಭೆ. ಆಗಸ್ಟ್ 9 ಮೂಲನಿವಾಸಿಗಳ ದಿನ. ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ನಡುವೆ ಬಿಡುವಾದಾಗ ಪಾಠ.

ಪಾಠ ಶುರುವಾಗುವುದು ಆಸ್ಟ್ರೇಲಿಯಾದಿಂದ. ಬಿಳಿಯರು ಬರುವ ಮುಂಚೆ ಆ ನೆಲ ಯಾರದ್ದೂ ಆಗಿರಲಿಲ್ಲ ಎಂಬ ವಾದವನ್ನು 1992ರಲ್ಲಿ ಅಲ್ಲಿನ ಹೈಕೋರ್ಟು ತಳ್ಳಿಹಾಕಿತು. ಹೋರಾಡಿದ ಎಡ್ಡಿ ಮಾಬೊ ತೀರ್ಪು ಕೇಳಲು ಉಳಿಯಲಿಲ್ಲ, ನಾಲ್ಕೂವರೆ ತಿಂಗಳ ಹಿಂದೆಯೇ ತೀರಿಕೊಂಡಿದ್ದರು. ಇಲ್ಲಿಗೆ ಬಂದಾಗ ಪ್ರೊಫೆಸರರ ಗಂಟಲು ಕಟ್ಟುತ್ತದೆ. ಪ್ರತಿ ವರ್ಷವೂ ಅದೇ ವಾಕ್ಯಕ್ಕೆ ಕಟ್ಟುತ್ತದೆ. ಹಿಂದಿನ ಬೆಂಚಿನವರು ಅದನ್ನು ನೋಡಿಕೊಂಡೇ ನೋಟ್ಸಿನ ಪುಟ ತಿರುಗಿಸುತ್ತಾರೆ.

ಆಮೇಲೆ ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆ. ಪರವಾಗಿ 144 ದೇಶ, ವಿರುದ್ಧ 4: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಭಾರತ ಪರವಾಗಿಯೇ ಕೈಯೆತ್ತಿತು; ಆದರೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ತನ್ನ ಹಳೆಯ ನಿಲುವನ್ನು ಕೆಳಗಿಳಿಸಲಿಲ್ಲ. ಆ ಲೆಕ್ಕದಲ್ಲಿ ನಮ್ಮ ಪ್ರೊಫೆಸರರೂ ಮೂಲನಿವಾಸಿಯೇ, ಜಯನಗರ ನಾಲ್ಕನೇ ಬ್ಲಾಕಿನವರು. ವಿಶ್ವಸಂಸ್ಥೆಯಿಂದ ಒಡಿಶಾಕ್ಕೆ ಇಳಿದು, 2013ರಲ್ಲಿ ಸುಪ್ರೀಂ ಕೋರ್ಟು ನಿಯಮಗಿರಿಯ ಗಣಿಯ ಪ್ರಶ್ನೆಯನ್ನು ಗ್ರಾಮಸಭೆಗಳಿಗೇ ಬಿಟ್ಟದ್ದನ್ನೂ, 12ಕ್ಕೆ 12 ಸಭೆಗಳೂ ಬೇಡವೆಂದದ್ದನ್ನೂ ಹೇಳಿ ಮುಗಿಸುವಷ್ಟರಲ್ಲಿ ಸೆಮಿಸ್ಟರೇ ಮುಗಿದಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗೇ ಸಮುದಾಯದ ಅರಣ್ಯ ಹಕ್ಕು ಪಡೆದ ಕತೆ ಸ್ವ-ಅಧ್ಯಯನಕ್ಕೆ.

ವಿಚಾರ ಸಂಕಿರಣ ಇವರ ತವರು. ವಿಷಯ 'ಅಂಚಿನವರ ದನಿ'. ಸ್ವಾಗತ, ದೀಪ, ಮೈಸೂರು ಪೇಟ, ಉಪಕುಲಪತಿಗಳ ಒಂದು ಗಂಟೆಯ ಎರಡು ಮಾತು. ಕಾಡಿನಿಂದ ರಾತ್ರಿ ಬಸ್ಸು ಹತ್ತಿ ಬಂದ ಹಿರಿಯನಿಗೆ ಊಟದ ಗಂಟೆಗೆ ಮುಂಚಿನ ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಅವನ ಪರಿಚಯಕ್ಕೆ. ಅದನ್ನು ಮಾಡಿಕೊಡುವವರು ಪ್ರೊಫೆಸರರು.

ಕ್ಷೇತ್ರಕಾರ್ಯ ಮಾಡಿಲ್ಲವೆಂದು ಯಾರೂ ಅನ್ನುವ ಹಾಗಿಲ್ಲ. ಒಮ್ಮೆ ನಾಗರಹೊಳೆಯ ಅಂಚಿನ ಹಾಡಿಗೆ ಹೋಗಿದ್ದರು; ಪವರ್‌ಪಾಯಿಂಟಿನ ಮೊದಲ ಚಿತ್ರ ಇಂದಿಗೂ ಅದೇ. ಅಲ್ಲಿ ಒಬ್ಬ ಮುದುಕ ಮಡಚಿದ ಕಾಗದ ಮುಂದೆ ಹಿಡಿದ. "ಸಾಮಿ, ಅರಣ್ಯ ಹಕ್ಕಿನ ಅರ್ಜಿ ವಜಾ ಅಂತ ಬಂದದೆ. ಯಾಕೆ ಅಂತ ಬರೆದಿಲ್ಲ." ಕಾರಣ ಬರೆಯದೆ ವಜಾ ಮಾಡುವುದು ನಿಯಮಕ್ಕೆ ವಿರುದ್ಧ, ಅರವತ್ತು ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು ಎಂಬುದು ಪ್ರೊಫೆಸರರಿಗೆ ನಿದ್ದೆಯಲ್ಲೂ ಗೊತ್ತು. ಅವರು ಮುದುಕನ ಕೈ ಹಿಡಿದು, "ಇದನ್ನು ನನ್ನ ಮುಂದಿನ ಪ್ರಬಂಧದಲ್ಲಿ ಖಂಡಿತ ಎತ್ತುತ್ತೇನೆ" ಎಂದು ಮಾತು ಕೊಟ್ಟರು. ಮಾತಿಗೆ ತಪ್ಪಲಿಲ್ಲ. ಎರಡು ವರ್ಷದ ಮೇಲೆ ಯೂರೋಪಿನ ಜರ್ನಲ್ಲೊಂದರಲ್ಲಿ ಅದು ಅಚ್ಚಾಯಿತು. ದುಡ್ಡು ಕಟ್ಟಿದವರು ಓದಬಹುದು. ಮುದುಕ ಮೂರನೇ ಅಡಿಟಿಪ್ಪಣಿಯಲ್ಲಿ 'ಒಬ್ಬ ಮಾಹಿತಿದಾರ'ನಾಗಿದ್ದಾನೆ. ಪ್ರೊಫೆಸರರಿಗೆ ಬಡ್ತಿಯಾಯಿತು.

ಸ್ವಂತ ಸೈಟಿನ ಮಾತು ಬಂದರೆ ಮಾತ್ರ ಇವರು ಬೇರೆಯೇ ಮನುಷ್ಯ. ಪಕ್ಕದವರ ಕಾಂಪೌಂಡು ಒಂದೂವರೆ ಅಡಿ ಈಚೆ ಬಂದಾಗ ಅಂತಾರಾಷ್ಟ್ರೀಯ ಒಡಂಬಡಿಕೆ ಯಾವುದೂ ನೆನಪಾಗಲಿಲ್ಲ. ಸರ್ವೆಯರನ್ನು ಕರೆಸಿದರು, ಖಾತಾ, ತೆರಿಗೆ ರಸೀದಿ, ಕ್ರಯಪತ್ರ ಜೋಡಿಸಿದರು, ಹದಿನೈದು ದಿನದಲ್ಲಿ ತಡೆಯಾಜ್ಞೆ ತಂದರು. ಕಾಗದವಿಲ್ಲದವನಿಗೆ ನೆಲವಿಲ್ಲ ಎಂಬ ಸತ್ಯ ಇವರಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿಲ್ಲ.

ಹಾಗೆಂದು ಕೆಟ್ಟವರಲ್ಲ, ಕಲಿಸಿದ್ದರಲ್ಲಿ ಸುಳ್ಳೂ ಇಲ್ಲ. ಅರಣ್ಯ ಹಕ್ಕು ಕಾಯಿದೆ 2006ರದ್ದು. ಅದರ ನಿಯಮಗಳ ಪ್ರಕಾರ ಊರ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಗೋರಿ, ದೇವರ ಬನವೂ ಸಾಕ್ಷ್ಯ. ಇಷ್ಟನ್ನು ಇವರ ಕ್ಲಾಸಿನಲ್ಲೇ ಕೇಳಿಸಿಕೊಂಡ ಹುಡುಗಿಯೊಬ್ಬಳು, ಹಾಜರಾತಿ ಸಾಲದೆ ದಂಡ ಕಟ್ಟಿದವಳು, ಈಗ ಹೆಗ್ಗಡದೇವನಕೋಟೆ ಕಡೆಯ ಹಾಡಿಗಳಲ್ಲಿ ಕೂತು ನಮೂನೆ ತುಂಬುತ್ತಿದ್ದಾಳೆ. ಆ ಕೆಲಸವನ್ನು ಗುರುಗಳು ತಮ್ಮ ಬಯೋಡಾಟಾದ 'ಸಾಮಾಜಿಕ ಪರಿಣಾಮ' ಕಾಲಂನಲ್ಲಿ ಆಗಲೇ ನಮೂದಿಸಿದ್ದಾರೆ.

ನಮೂದಿಸಲಿ, ಅಡ್ಡಿಯಿಲ್ಲ. ಜಿನೀವಾಕ್ಕೂ ಹೋಗಿ ಬರಲಿ. ಆದರೆ ಗುರುಗಳೇ, ಒಂದು ಮೇಲ್ಮನವಿ ಬರೆಯಲು ನಿಮಗೆ ಒಂದು ಸಂಜೆ ಸಾಕು. ಯಾವ ಸಂಜೆಯಾದರೂ ಆದೀತು, ಅರವತ್ತು ದಿನದೊಳಗಿನದ್ದಾಗಿದ್ದರೆ.